ರಾಜನ ಗುರುತು ಬಿದ್ದ ದಿಮ್ಮಿಗಳು

ಫೆಬ್ರವರಿ 3, 1772, ಸೋಮವಾರ

ಜೋಥಮನಿಗೆ ಕೆಲಸ ಸಿಕ್ಕಿತು. ದೇವರು ದೊಡ್ಡವನು. ಮಧ್ಯಾಹ್ನ ನನ್ನ ತಮ್ಮ ಹಿಮದಲ್ಲಿ ಕುಂಟಿಕೊಂಡೇ ಬಂದು, ಮೈಮೇಲಿನ ಮಂಜನ್ನೂ ಕೊಡವದೆ, ಕೆಂಪು ಅರಗಿನ ಮುದ್ರೆಯಿದ್ದ ಕಾಗದವನ್ನು ಒಲೆಯ ಮುಂದೆ ಹಿಡಿದು ನಿಂತ. ರಾಜರ ಕಾಡುಗಳ ಉಪಪಾಲಕ!

"ಇನ್ಮೇಲೆ ನನ್ನ ತಮ್ಮ ಗಿಮ್ಮ ಅನ್ಬೇಡ ಅಕ್ಕ. ಸರ್ಕಾರ ಅನ್ನು."

"ಸರ್ಕಾರ ಬೂಟು ಬಿಚ್ಚಿ ಒಳಗೆ ಬರಲಿ. ಬೀನ್ಸ್ ಬೆಂದಿದೆ" ಎಂದೆ.

ಕೆನಡಾದ ಯುದ್ಧದಲ್ಲಿ ಸೊಂಟಕ್ಕೆ ಗುಂಡು ಬಿದ್ದ ಮೇಲೆ ಅವನಿಂದ ಉಳುಮೆ ಆಗದು. ಮದುವೆಯೂ ಆಗಲಿಲ್ಲ. ಈ ಕೆಲಸಕ್ಕೆ ಸೊಂಟ ಬೇಕಿಲ್ಲ, ನಿಜ ಹೇಳಬೇಕೆಂದರೆ ಕೆಲಸವೇ ಇಲ್ಲ. ಒಂದು ಅಡಿಗಿಂತ ದಪ್ಪಗೆ ಬೆಳೆದ ಬಿಳಿ ಪೈನ್ ಮರವೆಲ್ಲ ರಾಜರದ್ದು, ಅವರ ಹಡಗುಗಳ ಪಟ ಕಟ್ಟುವ ಕೂವೆಕಂಬಕ್ಕೆ ಮೀಸಲು ಎಂದು ಕಾನೂನಿದೆ. ಹಿಂದಿನ ಉಪಪಾಲಕ ಮುದುಕ ವಿಗ್‌ಮೋರ್ ಪ್ರತಿ ಶರತ್ಕಾಲ ನಮ್ಮ ಮನೆಗೆ ಬರುತ್ತಿದ್ದ. ನನ್ನ ಗಂಡ ಕೊಯ್ದು ಹಾಸಿದ ಎರಡಡಿ ಅಗಲದ ಪೈನ್ ಹಲಗೆಯ ಮೇಲೆ ಕಾಲು ಚಾಚಿ ಸೇಬಿನ ಸೈಡರ್ ಕುಡಿಯುತ್ತಿದ್ದ. ಆಮೇಲೆ 'ಕಾಡು ಕ್ಷೇಮ' ಎಂದು ಬರೆದು ಕಳಿಸುತ್ತಿದ್ದ. ಆಷ್‌ಫರ್ಡ್ ಊರಿನ ಒಂದೊಂದು ಮನೆಯ ನೆಲವೂ ಹಾಗೆ ಆದದ್ದೇ.

ಕಾಗದ ಮೊದಲು 'ಮನೆ'ಯಿಂದ, ಅಂದರೆ ಇಂಗ್ಲೆಂಡಿನಿಂದ, ಸಮುದ್ರ ದಾಟಿ ನಮ್ಮ ಬಂದರು ಪೋರ್ಟ್ಸ್‌ಮತ್ತಿಗೆ ಬಂದು ಅಲ್ಲಿಂದ ಇಲ್ಲಿಗೆ ಬಂತಂತೆ. ನಾನು ಇಂಗ್ಲೆಂಡ್ ಕಂಡವಳಲ್ಲ, ನಮ್ಮಪ್ಪನೂ ಕಂಡವನಲ್ಲ. ಆದರೂ ಬಾಯಿಗೆ 'ಮನೆ' ಎಂದೇ ಬರುತ್ತದೆ. ಇವತ್ತು ಪ್ರಾರ್ಥನೆಯಲ್ಲಿ ರಾಜರ ಆಯುಸ್ಸಿಗಾಗಿ ಇನ್ನೊಂದು ಸಲ ಹೆಚ್ಚಾಗಿ ಬೇಡಿಕೊಂಡೆ. ಅಷ್ಟು ದೂರದಲ್ಲಿ ಕೂತು ನಮ್ಮ ಜೋಥಮನನ್ನು ನೆನೆದರಲ್ಲ.

ಫೆಬ್ರವರಿ 12

ಗಟ್ಟಿ ಹಿಮ. ಎತ್ತುಗಳು ಜಾರುಬಂಡಿಯಲ್ಲಿ ದಿಮ್ಮಿಗಳನ್ನು ಸಲೀಸಾಗಿ ಎಳೆದು ತರುತ್ತಿವೆ. ಹೊಸ ಪ್ರಾರ್ಥನಾ ಮಂದಿರದ ಮರವೆಲ್ಲ ನಮ್ಮ ಮರ ಕೊಯ್ಯುವ ಮಿಲ್ಲಿಗೇ ಬಂದು ಬೀಳುತ್ತಿದೆ. ನದಿಯ ಮಂಜುಗಡ್ಡೆ ಒಡೆದು ಮಿಲ್ಲಿನ ಚಕ್ರಕ್ಕೆ ನೀರು ಬಂದ ಕೂಡಲೇ ಕೊಯ್ಯಬೇಕು. ಮಗ ಎಲ್ನೇಥನ್ ಒಂದೊಂದು ದಿಮ್ಮಿಗೂ ಕೈತಟ್ಟಿ ಕುದುರೆ ಮಾತಾಡಿಸುವಂತೆ ಮಾತಾಡಿಸುತ್ತಾನೆ. ಅಪ್ಪ ಸತ್ತ ಮೇಲೆ ಮಿಲ್ಲು ನಡೆಸುತ್ತಿರುವವನು ಅವನೇ. ಹೆಸರಿಗೆ ಮಾತ್ರ ಒಡತಿ ನಾನು.

ಪ್ರಾರ್ಥನಾ ಸಭೆಯ ಹಿರಿಯ ಓಬದ್ಯ ದಿಮ್ಮಿ ನೋಡಲು ಬಂದಿದ್ದರು. ಮಂದಿರ ಎಲ್ಲಿ ಕಟ್ಟಬೇಕು ಎಂದು ಊರಸಭೆಯಲ್ಲಿ ಎರಡು ಚಳಿಗಾಲ ಜಗಳವಾಡಿದ ಮನುಷ್ಯ. ರಸ್ತೆ, ಶಾಲೆ, ಪಾದ್ರಿಯ ಸಂಬಳ, ಸಿಪಾಯಿ ಕವಾಯತು, ಎಲ್ಲವನ್ನೂ ನಾವೇ ಕೂಗಾಡಿ ನಾವೇ ತೀರ್ಮಾನ ಮಾಡುವುದು. ಲಂಡನ್ನಿಗೆ ಬರೆದು ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವನ ತಿಥಿ ಆಗಿರುತ್ತದೆ. ಅಪ್ಪ ಹೇಳುತ್ತಿದ್ದ: "ರಾಜ ಸೂರ್ಯ ಇದ್ದಂಗೆ. ದೂರದಲ್ಲಿದ್ರೆ ಬೆಳೆ, ಹತ್ರ ಬಂದ್ರೆ ಬೂದಿ." ಅಪ್ಪನಿಗೆ ಬಾಯಿ ಜಾಸ್ತಿ.

ಫೆಬ್ರವರಿ 27

ಪೋರ್ಟ್ಸ್‌ಮತ್ತಿನಿಂದ ಜೋಥಮನ ಮೇಲಧಿಕಾರಿ ಬಂದಿದ್ದಾರೆ. ಹಾಲ್‌ಸ್ಟೆಡ್ ಎಂದು ಹೆಸರು. ಬಿಳಿ ಕೈ, ಒಳ್ಳೆಯ ಮಾತು. ಇಂಗ್ಲೆಂಡಿನಿಂದ ಬಂದು ಇನ್ನೂ ವರ್ಷವಾಗಿಲ್ಲ. ಹೆಂಡತಿ ಹಡಗಿನಲ್ಲೇ ತೀರಿಕೊಂಡರಂತೆ. ನಾನು ಕೊಟ್ಟ ಮೆಕ್ಕೆಜೋಳದ ರೊಟ್ಟಿಯನ್ನು ಮುಖ ಕಿವುಚದೆ ತಿಂದರು. ಕೆಟ್ಟವರಲ್ಲ.

ತಿಂದಾದ ಮೇಲೆ ಮಿಲ್ಲಿನ ಅಂಗಳಕ್ಕೆ ಹೋಗಿ ದಿಮ್ಮಿಗಳ ನಡುವೆ ಓಡಾಡಿದರು. ವಾಪಸು ಬಂದಾಗ ಮುಖ ಬೇರೆಯಾಗಿತ್ತು.

"ಇವೆಲ್ಲ ರಾಜರ ಮರಗಳು ತಾಯಿ."

"ದೇವರ ಮನೆಗೆ ಅಂತ ಕಡಿದಿದ್ದು ಸ್ವಾಮಿ."

"ಕಾನೂನು ಐವತ್ತು ವರ್ಷದಿಂದ ಇದೆಯಲ್ಲ?"

"ಇತ್ತು. ಮಲಗಿತ್ತು. ಅದರ ಬೆನ್ನ ಮೇಲೆ ನಮ್ಮ ಮಕ್ಕಳು ಆಡಿ ಬೆಳೆದ್ರು. ಈಗ ಎದ್ದು ಕಚ್ಚಿದ್ರೆ ಮಕ್ಕಳದ್ದಾ ತಪ್ಪು?"

ಅವರು ನಗಲಿಲ್ಲ. ಯುದ್ಧದಿಂದ ಖಜಾನೆ ಬರಿದಾಗಿದೆಯಂತೆ. ಇನ್ನು ಮೇಲೆ ಎಲ್ಲವನ್ನೂ ಸರಿಯಾಗಿ ನೋಡಿಕೊಳ್ಳಬೇಕೆಂದು ಲಂಡನ್ನಿನಲ್ಲಿ ನಿಶ್ಚಯಿಸಿದ್ದಾರಂತೆ. ಜೋಥಮ್ ನನ್ನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಿದ್ದ.

ಮಾರ್ಚ್ 2, ಸೋಮವಾರ

ದಿಮ್ಮಿಗಳಿಗೆ ರಾಜರ ಗುರುತು ಹಾಕಿದರು. ಹಾಕಿದರು ಅಂದರೆ, ಹಾಕಿದವನು ಜೋಥಮ್. ಹಾಲ್‌ಸ್ಟೆಡ್ ಪಕ್ಕದಲ್ಲಿ ನಿಂತಿದ್ದರು ಅಷ್ಟೇ. ಕೈಗೊಡಲಿಯಿಂದ ಒಂದೊಂದು ದಿಮ್ಮಿಗೂ ಮೂರು ಏಟು. ಹಕ್ಕಿಯ ಹೆಜ್ಜೆಯಂಥ ಬಾಣದ ಗುರುತು. ಇನ್ನು ಅದನ್ನು ಕೊಯ್ದವರಿಗೆ ದಂಡ, ಇಲ್ಲವೇ ಸೆರೆ.

ಎಲ್ನೇಥನ್ ಮಿಲ್ಲಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. "ಮಾವ, ನೀನು ಮಲ್ಕೊಳ್ಳೋ ಕೋಣೆ ನೆಲಕ್ಕೂ ಒಂದು ಹೊಡ್ಕೊಂಡು ಹೋಗು. ಅದೂ ರಾಜಂದೇ."

"ನಾನು ಬೈಬಲ್ ಮುಟ್ಟಿ ಪ್ರಮಾಣ ಮಾಡಿದೀನಿ ಕಣೋ" ಎಂದ ಜೋಥಮ್.

"ವಿಗ್‌ಮೋರ್ ಮುದುಕನೂ ಮಾಡಿದ್ದ."

"ಅವನು ಮಾಡಿದ್ದು ಸುಳ್ಳು ಪ್ರಮಾಣ. ನಾನು ಹಂಗಲ್ಲ."

ಜೋಥಮ್ ಚಿಕ್ಕಂದಿನಿಂದಲೂ ಹೀಗೆಯೇ. ಕೋಳಿಗೂಡಿನ ಬಾಗಿಲು ಹಾಕು ಎಂದರೆ ಮಳೆಯಲ್ಲಿ ನೆನೆದುಕೊಂಡು ಹೋಗಿ ಎರಡು ಸಲ ನೋಡಿ ಬರುವವನು. ಸಿಟ್ಟು ಬಂತು. ಊಟಕ್ಕೆ ಕರೆಯಲಿಲ್ಲ. ಅವನೂ ಕಾಯಲಿಲ್ಲ, ಹಾಲ್‌ಸ್ಟೆಡರ ಜೊತೆ ತಂಗುಮನೆಗೆ ಹೋದ.

ಮಾರ್ಚ್ 11

ಮೇಪಲ್ ಮರದ ಸಿಹಿ ರಸ ಇಳಿಯತೊಡಗಿದೆ. ಇಡೀ ದಿನ ಕೊಪ್ಪರಿಗೆಯ ಮುಂದೆ ನಿಂತು ಕುದಿಸಿದೆ, ಕೂದಲೆಲ್ಲ ಅಂಟು. ಪ್ರತಿ ವರ್ಷ ಜೋಥಮ್ ಸೌದೆ ಒಟ್ಟಲು ಬರುತ್ತಿದ್ದ, ಬಿಸಿ ಬೆಲ್ಲದ ಪಾಕವನ್ನು ಹಿಮದ ಮೇಲೆ ಸುರಿದು ಎಲ್ನೇಥನ್ ಜೊತೆ ಕಿತ್ತಾಡಿ ತಿನ್ನುತ್ತಿದ್ದ. ಈ ವರ್ಷ ಬರಲಿಲ್ಲ. ತಂಗುಮನೆಯಲ್ಲಿ ಅವನು ಬಂದು ಕೂತರೆ ಬೆಂಚಿನಲ್ಲಿದ್ದವರು ಎದ್ದು ಹೋಗುತ್ತಾರಂತೆ.

ಒಂದು ಅಚ್ಚು ಬೆಲ್ಲ ತೆಗೆದಿಟ್ಟಿದ್ದೇನೆ. ಯಾರಿಗೆಂದು ಎಲ್ನೇಥನ್ ಕೇಳಲಿಲ್ಲ.

ಮಾರ್ಚ್ 19

ಬುಟ್ಟಿ ಮಾರುವ ಅಬೆನಾಕಿ ಮುದುಕಿ ಬಂದಿದ್ದಳು, ನಮಗಿಂತ ಮೊದಲು ಈ ಕಾಡಿನಲ್ಲಿದ್ದ ಜನದವಳು. ದಿಮ್ಮಿಯ ಮೇಲಿನ ಗುರುತನ್ನು ಬೆರಳಿನಿಂದ ಸವರಿ, ಏನಿದು ಎಂದಳು. ಹೇಳಿದೆ. ಹಲ್ಲಿಲ್ಲದ ಬಾಯಿ ತೆರೆದು ಬಹಳ ಹೊತ್ತು ನಕ್ಕಳು.

"ರಾಜ ಅಂತಾನೆ ನಂದು. ನೀನು ಅಂತೀಯ ನಂದು" ಎಂದು ಹೇಳಿ, ಬುಟ್ಟಿಗೆ ಬದಲು ಬೆಲ್ಲ ತೆಗೆದುಕೊಂಡು ಹೋದಳು. ಆ ನಗು ಕಿವಿಯಲ್ಲೇ ಇದೆ.

ಏಪ್ರಿಲ್ 5, ಭಾನುವಾರ

ನಿನ್ನೆ ನದಿಯ ಮಂಜುಗಡ್ಡೆ ಒಡೆಯಿತು. ಫಿರಂಗಿ ಹಾರಿಸಿದಂಥ ಸದ್ದು. ನೀರು ಕಟ್ಟೆಯ ಮೇಲೆ ಹಾಯುತ್ತಿದೆ, ನಮ್ಮ ಚಕ್ರ ಮಾತ್ರ ನಿಂತಿದೆ. ಇಂಥ ನೀರು ಇರುವುದೇ ಕೆಲವು ವಾರ. ಅದು ಸುಮ್ಮನೆ ಹರಿದು ಹೋಗುವುದನ್ನು ನೋಡಲಾಗದೆ ಕಿಟಕಿಗೆ ಬಟ್ಟೆ ಕಟ್ಟಿದೆ.

ಹಳೆ ಮಂದಿರ ಸೋರುತ್ತಿದೆ. ಪಾದ್ರಿಗಳು ಇಂಗ್ಲೆಂಡಿನ ರಾಜನಿಗಾಗಿ ಪ್ರಾರ್ಥಿಸುತ್ತಿದ್ದಾಗ ನನ್ನ ಹೆಗಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಗಮನವೆಲ್ಲ ಅದರ ಮೇಲೆಯೇ ಇತ್ತು, ಆಮೆನ್ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಏಪ್ರಿಲ್ 22

ಹಾಲ್‌ಸ್ಟೆಡ್ ಮತ್ತೆ ಬಂದಿದ್ದಾರೆ. ಈ ಸಲ ಕೈಯಲ್ಲಿ ವಾರಂಟು, ಅದರಲ್ಲಿ ಎಲ್ನೇಥನ್ ಹೆಸರು. ಮರ ಕಡಿಸಿದ್ದು ಊರಸಭೆ, ದಿಮ್ಮಿ ನಮ್ಮ ಅಂಗಳದಲ್ಲಿವೆ ಎಂದು ಸಿಕ್ಕಿಬೀಳುವುದು ನನ್ನ ಮಗ. ನಾಳೆ ಬೆಳಗಾದ ಮೇಲೆ ಜಾಮೀನು ಕೊಡುತ್ತೇನೆಂದು ಅವನು ಹೇಳಿದ, ಅವರು ಒಪ್ಪಿಕೊಂಡರು. ಅಷ್ಟು ಒಳ್ಳೆಯತನ ಇದೆ ಆ ಮನುಷ್ಯನಲ್ಲಿ. ಜೋಥಮನೂ ಅವರೊಂದಿಗೆ ತಂಗುಮನೆಯಲ್ಲೇ ಉಳಿದಿದ್ದಾನೆ.

ಎಲ್ನೇಥನ್ ಊಟ ಮಾಡಲಿಲ್ಲ. ಓಬದ್ಯರ ಮನೆಗೆ ಹೋಗಿ ಬರುತ್ತೇನೆ ಎಂದ. ಜಾಮೀನಿಗೆ ಜನ ಒಟ್ಟು ಮಾಡಲು ಇರಬೇಕು.

ಏಪ್ರಿಲ್ 23, ಗುರುವಾರ

ಬರೆಯದಿದ್ದರೆ ಆಗದು.

ಬೆಳಕು ಹರಿಯುವ ಹೊತ್ತಿಗೆ ಹಾಲು ಕರೆಯಲು ಕೊಟ್ಟಿಗೆಗೆ ಹೊರಟಿದ್ದೆ. ಹಿತ್ತಿಲ ಕಡೆಯಿಂದ ಜೋಥಮ್ ಬಂದ. ಒಂದು ಕಾಲಲ್ಲಿ ಬೂಟು, ಇನ್ನೊಂದು ಕಾಲು ಬರಿದು, ಕೆಸರು. "ಅಕ್ಕಾ, ಅವರನ್ನ ಹೊಡೀತಿದಾರೆ" ಎಂದು ಅಲ್ಲೇ ಕುಸಿದ. ಮುಖಕ್ಕೆ ಮಸಿ ಬಳಿದುಕೊಂಡ ಗುಂಪು ತಂಗುಮನೆಗೆ ನುಗ್ಗಿ ಹಾಲ್‌ಸ್ಟೆಡರನ್ನು ಹಾಸಿಗೆಯಿಂದ ಎಳೆದು, ಪೈನ್ ಬರಲಿನಲ್ಲಿ ಬೆನ್ನು ಸುಲಿಯುವಂತೆ ಬಾರಿಸಿ, ಮಲಗುವ ಅಂಗಿಯಲ್ಲೇ ಕುದುರೆ ಹತ್ತಿಸಿ ಓಡಿಸಿತಂತೆ. ಜೋಥಮ್ ಕಿಟಕಿಯಿಂದ ಹಾರಿದ್ದ. ಆ ಸೊಂಟ ಇಟ್ಟುಕೊಂಡು! ನಾನು ಅವನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದುಬಿಟ್ಟೆ.

ಅಷ್ಟರಲ್ಲಿ ಗುಂಪು ನಮ್ಮ ಅಂಗಳದಲ್ಲಿತ್ತು. ಮುಂದೆ ಜೋಥಮನ ಕಂದು ಕುದುರೆ. ಅದರ ಬಾಲ ಕತ್ತರಿಸಿದ್ದರು, ಕಿವಿಗಳನ್ನೂ. ಕೆನ್ನೆಯ ಮೇಲೆ ರಕ್ತ ಇಳಿದು ಅದು ತಲೆ ಕೊಡವಿದಾಗಲೆಲ್ಲ ಸುತ್ತ ಸಿಡಿಯುತ್ತಿತ್ತು. ಅದರ ಹಗ್ಗ ಹಿಡಿದವನ ಮುಖ ಮಸಿ, ಆದರೆ ಅವನು ತೊಟ್ಟ ಕೈಗವಸು ನಾನೇ ಹೆಣೆದದ್ದು. ಎಲ್ನೇಥನ್.

"ಬಾಗಿಲು ಬಿಟ್ಟು ಈಚೆ ಬಾ ಹೆಪ್ಸಿಬಾ. ನಿನ್ನ ತಮ್ಮನ್ನ ಕಳ್ಸು." ಓಬದ್ಯರ ಧ್ವನಿ.

"ಯಾಕೆ?"

"ದಿಮ್ಮಿಗೆ ಗುರುತು ಹೊಡೆದೋನಿಗೆ ನಾವೂ ಒಂದು ಗುರುತು ಹೊಡೀತೀವಿ."

ಒಂದಿಬ್ಬರು ನಕ್ಕರು. ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ. ಮೂಕಪ್ರಾಣಿಯ ರಕ್ತ ನೋಡಿ ಬಂದಿರಬೇಕು.

"ದಿಮ್ಮಿ ಅಲ್ಲೇ ಬಿದ್ದಿದೆಯಲ್ಲ ಹಿರಿಯರೇ! ನದಿ ತುಂಬಿ ಹರೀತಿದೆ. ಮಂದಿರ ಬೇಕು ಅಂತ ಗಂಟಲು ಹರ್ಕೊಂಡೋರು ನೀವು. ಇಷ್ಟು ದಿನ ಒಬ್ಬರಾದ್ರೂ ಗರಗಸ ಮುಟ್ಟಿದ್ರಾ? ರಾಜನಿಗೆ ಹೆದರಿ ಕೂತ್ರಿ. ಈಗ ಒಬ್ಬ ಕುಂಟನ್ನ ಹೊಡೆಯೋಕೆ ಇಷ್ಟು ಜನ, ಅದೂ ಮಸಿ ಬಳ್ಕೊಂಡು!"

"ಅದು ಬೇರೆ ಮಾತು..."

"ಯಾವುದೂ ಬೇರೆ ಅಲ್ಲ. ಕೊಯ್ಯೋದಾದ್ರೆ ಈಗ ಕೊಯ್ಯಿರಿ. ಹಗಲಲ್ಲಿ, ಮುಖ ತೊಳ್ಕೊಂಡು. ಆಗದಿದ್ರೆ ಮನೆಗೆ ಹೋಗಿ ಹೆಂಡ್ತಿ ಲಂಗಕ್ಕೆ ಮಸಿ ಒರೆಸಿಕೊಳ್ಳಿ. ತೂಬು ನಾನೇ ಎತ್ತೀನಿ."

ಹೇಳಿ ಆದ ಮೇಲೆ ಎತ್ತದೆ ಇರಲಾಗುತ್ತದೆಯೇ? ನಡೆದುಕೊಂಡು ಹೋಗಿ ತೂಬಿನ ಸನ್ನೆಗೋಲಿಗೆ ಮೈಭಾರ ಹಾಕಿದೆ. ಚಳಿಗಾಲವೆಲ್ಲ ಮುಚ್ಚಿದ್ದ ತೂಬು, ಅಲುಗಲಿಲ್ಲ. ಮತ್ತೆ ಹಾಕಿದೆ. ಆಮೇಲೆ ಹಿಂದೆ ದನದ ನೀರಿನ ತೊಟ್ಟಿಯಲ್ಲಿ ಯಾರೋ ಮುಖ ಮುಳುಗಿಸಿದ ಸದ್ದು ಕೇಳಿತು. ಅರೆಬರೆ ಕಪ್ಪಾದ ಮುಖದಲ್ಲಿ ಎಲ್ನೇಥನ್ ಬಂದು ನನ್ನ ಪಕ್ಕ ಸನ್ನೆಗೋಲು ಹಿಡಿದ. ತೂಬು ಎದ್ದಿತು. ಚಕ್ರ ನರಳುತ್ತ ತಿರುಗಿತು.

ಸಂಜೆಯವರೆಗೂ ಕೊಯ್ದೆವು. ಓಬದ್ಯರೂ ಅಂಗಿ ಬಿಚ್ಚಿ ದಿಮ್ಮಿ ಉರುಳಿಸಿದರು. ಬಾಣದ ಗುರುತಿದ್ದ ಹೊರಚಕ್ಕೆಗಳನ್ನೆಲ್ಲ ಒಲೆಗೆಂದು ಹೆಂಗಸರು ಹೊತ್ತುಕೊಂಡು ಹೋದರು. ಹಲಗೆ ಬಹಳ ಚೆನ್ನಾಗಿ ಬಂದಿವೆ, ಗಂಟೇ ಇಲ್ಲ.

ಎಲ್ಲರೂ ಹೋದ ಮೇಲೆ ಏಣಿ ಇಟ್ಟೆ. ಜೋಥಮ್ ಇಳಿದು ಬಂದು ಒಲೆಯ ಮುಂದೆ ಕೂತ.

"ದಿನವೆಲ್ಲಾ ಆ ಸದ್ದು ಕೇಳ್ದೆ ಅಕ್ಕ. ನೀನು ನನ್ನ ಉಳಿಸಿದೆಯೋ, ಮುಳುಗಿಸಿದೆಯೋ?"

ನಾನು ಮಾಡಿದ್ದು ತಮ್ಮನನ್ನು ಉಳಿಸುವುದಕ್ಕೆ. ಅದಕ್ಕಷ್ಟೇ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಏಪ್ರಿಲ್ 24

ಮೈಕೈ ನೋವು. ನೀರು ಇನ್ನೂ ಚೆನ್ನಾಗಿದೆ. ಉಳಿದ ದಿಮ್ಮಿಗಳನ್ನೂ ಮುಗಿಸಿದೆವು.

ಮೇ 14

ಜಿಲ್ಲೆಯ ಕೋರ್ಟಿಗೆ ಹೋಗಿ ಬಂದೆವು. ಕೋರ್ಟಿನ ನೆಲವೂ ಎರಡಡಿ ಅಗಲದ ಪೈನ್ ಹಲಗೆಯದೇ. ನಾವೆಲ್ಲ ತಲೆ ತಗ್ಗಿಸಿ ಅದನ್ನೇ ನೋಡುತ್ತ ನಿಂತೆವು. ನ್ಯಾಯಾಧೀಶರೂ ಒಂದು ಸಲ ಕೆಳಗೆ ನೋಡಿ ಕೆಮ್ಮಿದರು.

"ತೂಬು ಎತ್ತಿದ್ದು ಯಾರು?"

"ನಾನು."

"ರಾಜರ ಗುರುತು ಇದ್ದದ್ದು ತಿಳಿದಿತ್ತೇ?"

"ತಿಳಿದಿತ್ತು. ನೀರು ಹರಿದು ಹೋಗ್ತಿತ್ತು ಸ್ವಾಮಿ."

ಹಿಂದಿನ ಸಾಲಿನಲ್ಲಿ ನಗು. ಹಾಲ್‌ಸ್ಟೆಡ್ ಬೆನ್ನು ನೆಟ್ಟಗೆ ಮಾಡಿ ಕೂರಲಾಗದೆ ಒಂದು ಮಗ್ಗುಲಿಗೆ ಬಾಗಿ ಕೂತಿದ್ದರು, ಅವರು ನನ್ನ ಕಡೆ ನೋಡಲಿಲ್ಲ. ನನ್ನ ಮನೆಯ ರೊಟ್ಟಿ ತಿಂದ ಮನುಷ್ಯ. ನಾಚಿಕೆ ಆಯಿತು. ತೂಬಿಗಲ್ಲ, ಆ ಬೆನ್ನಿಗೆ.

ಆಮೇಲೆ ಜೋಥಮನನ್ನು ಕರೆದರು. ಅವನು ಎಲ್ಲರ ಮುಂದೆ ಹೇಳಿದ: ಮುಖಗಳು ಕಪ್ಪಗಿದ್ದವು, ಗುರುತು ಹಿಡಿಯಲಿಲ್ಲ. ಆದರೆ ತಂಗುಮನೆಯ ಮೆಟ್ಟಿಲ ಮೇಲೆ ನನ್ನ ಅಕ್ಕನ ಮಗನ ಧ್ವನಿ ಕೇಳಿದೆ.

ಶಿಕ್ಷೆ ಮಾತ್ರ ಹಗುರ, ಸಣ್ಣ ದಂಡ. ಊರಿನವರೇ ಹಂಚಿಕೊಂಡು ಕಟ್ಟಿದರು. ದಾರಿಯಲ್ಲಿ ಗಂಡಸರು ಹಾಡಿಕೊಂಡು ಬಂದರು. ಜೋಥಮ್ ಬಹಳ ಹಿಂದೆ ಒಬ್ಬನೇ ನಡೆದು ಬರುತ್ತಿದ್ದ. ನಾನು ನಿಂತು ಕಾದೆ.

"ಸುಳ್ಳು ಹೇಳಬಹುದಿತ್ತು" ಎಂದೆ.

"ನೀನು ಹೇಳಿದೆಯಾ?" ಎಂದ.

ಮೇ 28

ಇವತ್ತು ಮಂದಿರದ ಚೌಕಟ್ಟು ಎತ್ತಿದರು. ಊರಿಗೆ ಊರೇ ಬಂದಿತ್ತು, ಪಕ್ಕದ ಊರಿನವರೂ ಹೆಗಲು ಕೊಟ್ಟರು. ಹಿಂದಿನ ತೊಲೆ ಏರುವಾಗ ಒಂದು ಕ್ಷಣ ವಾಲಿತು, ಎಲ್ಲರ ಜೀವವೂ ಬಾಯಿಗೆ ಬಂತು. ಓಬದ್ಯರು ಕಣ್ಣೀರು ಒರೆಸಿಕೊಂಡರು. ನಮ್ಮ ಮರ, ನಮ್ಮ ಕೈ, ನಮ್ಮ ಊರು. ನೋಡಲು ಎರಡು ಕಣ್ಣು ಸಾಲದು.

ಜೋಥಮನನ್ನು ಯಾರೂ ಕರೆಯಲಿಲ್ಲ. ಅವನು ನಮ್ಮ ಹಿತ್ತಿಲಲ್ಲಿ ಕೂತು ಬೀನ್ಸ್ ಬಳ್ಳಿ ಹಬ್ಬಿಸಲು ಕಡ್ಡಿ ಚೂಪು ಮಾಡುತ್ತಿದ್ದ. ಕೂಗು ಕೇಳಿದಾಗಲೆಲ್ಲ ಚಾಕು ನಿಲ್ಲಿಸುತ್ತಿದ್ದ ಎಂದು ಪಕ್ಕದ ಮನೆಯವಳು ಹೇಳಿದಳು.

ಎಲ್ನೇಥನ್ ಮತ್ತು ಅವನು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಉಪ್ಪು ಬೇಕಾದರೆ ನನ್ನನ್ನು ಕೇಳುತ್ತಾರೆ.

ಜೂನ್ 4

ಜೋಥಮ್ ಹೊರಟುಹೋದ.

ಬೆಳಿಗ್ಗೆ ಗಂಟು ಕಟ್ಟುತ್ತಿದ್ದ. ಎಲ್ಲಿಗೆ ಎಂದೆ.

"ಮನೆಗೆ ಹೋಗ್ತೀನಿ ಅಕ್ಕ."

"ಯಾರ ಮನೆಗೆ?" ಎಂದು ಕೇಳಿದೆ. ನಿಜವಾಗಿಯೂ ತಿಳಿಯದೆ ಕೇಳಿದೆ, ಪೋರ್ಟ್ಸ್‌ಮತ್ತಿನಲ್ಲಿ ಇವನಿಗೆ ಯಾರಿದ್ದಾರೆ ಎಂದುಕೊಂಡೆ. ಅವನು ನನ್ನ ಮುಖವನ್ನೇ ನೋಡಿದ. ಮುಂದಿನ ವಾರ ಲಂಡನ್ನಿಗೆ ಹಡಗು ಇದೆ, ಹಾಲ್‌ಸ್ಟೆಡ್ ಜಾಗ ಕೊಡಿಸಿದ್ದಾರೆ ಎಂದು ಆಮೇಲೆ ಹೇಳಿದಾಗಲೇ ಅವನ 'ಮನೆ' ಯಾವುದೆಂದು ನನಗೆ ಅರ್ಥವಾದದ್ದು.

"ಅಲ್ಲಿ ನಿನ್ನ ಬಲ್ಲೋರು ಯಾರೋ ಇದಾರೆ?"

"ಇಲ್ಲಿ ಯಾರಿದಾರೆ?"

"ನಾನು ಸತ್ತಿದೀನಾ?"

"ನೀನಿದೀಯ ಅಕ್ಕ. ನಿನ್ನ ಅಟ್ಟದಲ್ಲೇ ಇರೋಕಾಗುತ್ತಾ ನಾನು?"

ಹಂದಿಮಾಂಸ, ರೊಟ್ಟಿ, ತೆಗೆದಿಟ್ಟಿದ್ದ ಬೆಲ್ಲ ಕಟ್ಟಿಕೊಟ್ಟೆ. ಅಂಗಳಕ್ಕೆ ಬಂದರೆ ಎಲ್ನೇಥನ್ ತನ್ನ ಬೂದು ಕುದುರೆಗೆ ಜೀನು ಬಿಗಿಯುತ್ತಿದ್ದ. ಆ ಕುದುರೆ ಎಂದರೆ ಅವನಿಗೆ ಪ್ರಾಣ, ನನ್ನನ್ನೂ ಹತ್ತಲು ಬಿಟ್ಟವನಲ್ಲ.

"ನಂದು ತಗೊಂಡು ಹೋಗ್ತೀನಿ" ಎಂದ ಜೋಥಮ್.

"ಅದನ್ನ ನೋಡಿ ದಾರೀಲೆಲ್ಲಾ ನಗ್ತಾರೆ ಮಾವ."

"ನಗಲಿ."

"ನನ್ ಕೈಲಿ ಆಗಲ್ಲ" ಎಂದ ಎಲ್ನೇಥನ್. "ನೀನು ಅದರ ಮೇಲೆ ಕೂತು ಹೋಗೋದು ನನ್ ಕೈಲಿ ನೋಡೋಕೆ ಆಗಲ್ಲ."

ಆಮೇಲೆ ಜೋಥಮ್ ಒಳ್ಳೆಯ ಕಾಲನ್ನು ರಿಕಾಪಿಗೆ ಇಟ್ಟ. ಸೊಂಟ ಏರಲಿಲ್ಲ. ಎಲ್ನೇಥನ್ ಬಗ್ಗಿ, ಮಾವನ ಮಂಡಿಗೆ ಹೆಗಲು ಕೊಟ್ಟು ಎತ್ತಿ ಕೂರಿಸಿದ.

ನದಿ ದಾಟುವ ಕಡವಿನ ತನಕ ನಾನು ಜೊತೆಗೆ ನಡೆದೆ. ಅವನು ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದ, ನನಗೆ ಗೊತ್ತು.

ಜೂನ್ 13

ಕರಿನೊಣದ ಕಾಲ. ದನಕರು ಬಾಲ ಬೀಸಿಕೊಂಡು ಹೇಗೋ ಬದುಕುತ್ತವೆ. ಜೋಥಮನ ಕಂದು ಕುದುರೆಗೆ ಬೀಸಲು ಬಾಲವಿಲ್ಲ, ಅಲ್ಲಾಡಿಸಲು ಕಿವಿಯಿಲ್ಲ. ನೊಣ ಮುತ್ತಿದರೆ ಬೇಲಿಗೆ ಮೈ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಹಂದಿಯ ಕೊಬ್ಬು ಹಚ್ಚಿದೆ, ಪ್ರಯೋಜನವಾಗಲಿಲ್ಲ.

ಸಂಜೆ ಮಿಲ್ಲು ನಿಂತ ಮೇಲೆ ಎಲ್ನೇಥನ್ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದೆ. ಕೊಟ್ಟಿಗೆಯ ಹಿಂದೆ ತಿರುವಿ ಹಾಕಿದ ಬಕೆಟಿನ ಮೇಲೆ ಕೂತು, ಎಲೆ ತುಂಬಿದ ಮೇಪಲ್ ಕೊಂಬೆಯೊಂದನ್ನು ಹಿಡಿದು ಕುದುರೆಯ ಬೆನ್ನಿಗೆ ಮೆಲ್ಲಗೆ ಬೀಸುತ್ತಿದ್ದ. ಅದು ಕಣ್ಣು ಮುಚ್ಚಿ ನಿಂತಿತ್ತು.

ನಾನು ಅವನ ತಟ್ಟೆಯನ್ನು ಅಲ್ಲಿಗೇ ತಂದೆ. ಅವನು ಉಣ್ಣುವವರೆಗೆ ಕೊಂಬೆ ನಾನು ಹಿಡಿದೆ.